ಅರ್ಧ ಬೆರಳಿನಷ್ಟು ಫಿಲ್ಮು

ಬಚ್ಚಲುಮನೆಯ ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ಲು ತುರುಕಿ, ಗಡಿಯಾರ ರಿಪೇರಿಯವನು ಹೊರಗೆ ಸ್ಟೂಲು ಹಾಕಿಕೊಂಡು ಕೂತ. ಒಳಗೆ ಅವನ ಅಣ್ಣನ ಮಗಳು ಗುಬ್ಬಿ ಕತ್ತಲಲ್ಲಿ ಫಿಲ್ಮಿನ ಡಬ್ಬಿ ಬಿಚ್ಚುತ್ತಿದ್ದಳು. ಮೊದಲೆಲ್ಲ ಒಳಗಿರುತ್ತಿದ್ದವನು ಅವನು, ಹೊರಗೆ ಕಾವಲು ಕೂರುತ್ತಿದ್ದವಳು ಅವಳು. ಬೆರಳು ನಡುಗಲು ಶುರುವಾದ ಮೇಲೆ ಅಂಗಡಿಯ ಜೊತೆಗೆ ಬಚ್ಚಲನ್ನೂ ಬಿಟ್ಟುಕೊಟ್ಟಿದ್ದ.

ರೋಲು ಇಬ್ಬರದು. ಮೊದಲರ್ಧ ಅವನದು: ತಾರಸಿ, ಬಿಸಿಲು, ಯಥಾಪ್ರಕಾರ ಪಾರಿವಾಳಗಳು. ಉಳಿದದ್ದು ಗುಬ್ಬಿಯದು. ಅವಳು ಕರಡು ತಿದ್ದುತ್ತಿದ್ದ ಪ್ರೆಸ್ಸು ಮುಚ್ಚಿದ ದಿನ, ಯಂತ್ರದ ಕೋಣೆಯ ಮಂದ ದೀಪದಲ್ಲಿ ಅಲ್ಲಿಯವರನ್ನೆಲ್ಲ ನಿಲ್ಲಿಸಿ ತೆಗೆದಿದ್ದಳು. ಅಷ್ಟು ಕಡಿಮೆ ಬೆಳಕಿನದು ಮೂಡಬೇಕಾದರೆ ಫಿಲ್ಮು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇರಬೇಕು. ಇದ್ದರೆ ಬಿಸಿಲಿನ ಅರ್ಧ ತಳ ಹಿಡಿದ ಪಾತ್ರೆಯ ಹಾಗೆ ಕರ್ರಗಾಗುತ್ತದೆ, ಪ್ರಿಂಟಿನಲ್ಲಿ ಬರೀ ಬಿಳಿ ಬರುತ್ತದೆ. ಅದಕ್ಕೇ ಗುಬ್ಬಿ ಒಂದು ಉಪಾಯ ಹುಡುಕಿದ್ದಳು. ಕತ್ತಲಲ್ಲೇ ಫಿಲ್ಮನ್ನು ನಡುವೆ ಕತ್ತರಿಸುವುದು, ಎರಡು ತುಂಡಿಗೂ ಬೇರೆ ಬೇರೆ ಹೊತ್ತು ಕೊಡುವುದು.

ಅವನು ಬೇಡವೆಂದಿದ್ದ. “ಪಾರಿವಾಳ ಬೆಳ್ಳಗಾಗಿ ಕೊಕ್ಕರೆ ಆದ್ರೆ ಆಗ್ಲಿ ಬಿಡು. ನೆಗೆಟಿವ್ ಎಷ್ಟು ಕಪ್ಪಾದ್ರೂ ತಾಳ್ಮೆಯಿಂದ ಪ್ರಿಂಟ್ ಹಾಕ್ಬಹುದು. ಕತ್ತರಿಸಿದ್ದನ್ನ ಏನ್ಮಾಡ್ತೀಯ?”

“ನಿಮ್ದು ಹಾಳಾದ್ರೆ ಯಾವಾಗ್ಲೂ ಪರವಾಗಿಲ್ಲ ಚಿಕ್ಕಪ್ಪ. ಈ ಸಲ ಅದು ನಡೆಯಲ್ಲ. ನಿಮ್ಮ ಹಕ್ಕಿಗಳೂ ಬದುಕ್ಲಿ.”

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು: ಕೊನೆಯದು ಹಕ್ಕಿಯಲ್ಲ ಎಂದು. ಹೇಳಲಿಲ್ಲ. ಕಿಟಕಿಯ ಹತ್ತಿರ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಆ ಕೊನೆಯ ಚಿತ್ರಕ್ಕೆ ಕಾರಣವೂ ಗುಬ್ಬಿಯೇ. ಊರಿನ ಪಾರಿವಾಳಗಳಿಗೆಲ್ಲ ಫೋಟೊ ಇದೆ, ಚಿಕ್ಕಮ್ಮನಿಗೆ ಮಾತ್ರ ಇಲ್ಲ, ಪಾಪ ರೆಕ್ಕೆ ಕಟ್ಟಿಕೊಂಡು ಕೂತರೆ ತೆಗೆಯುತ್ತಾರೋ ಏನೋ ಎಂದು ಒಂದು ಸಂಜೆ ಛೇಡಿಸಿದ್ದಳು. ಮರುದಿನ ಅವನು ತಾರಸಿಗೆ ಹೋದಾಗ ಹೆಂಡತಿ ಹಲ್ಲಿನಲ್ಲಿ ಎರಡು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ಹಾಸಿಗೆಯ ಚಾದರ ಹರವುತ್ತಿದ್ದಳು. ಕ್ಯಾಮೆರಾ ತನ್ನ ಕಡೆ ತಿರುಗಿದ್ದು ನೋಡಿ, ಕ್ಲಿಪ್ಪಿನ ನಡುವಿನಿಂದಲೇ, ಹಕ್ಕಿ ಆ ಕಡೆ ಇದೆ ಎಂದಳು. ಹೇಳುವಾಗ ಒಂದು ಕ್ಲಿಪ್ಪು ಜಾರಿ ಬಿತ್ತು, ಅವಳಿಗೆ ನಗು ಬಂತು. ಅವನು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಚೌಕಟ್ಟಿನ ತುಂಬ ಅವಳ ಮುಖವೇ ಇರುವಂತೆ, ಗುಂಡಿ ಒತ್ತಿದ. ಯಾರಿಗೂ ಹೇಳಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿ ಗುಬ್ಬಿಯ ಮುಂದಿಟ್ಟು ಅವಳ ಬಾಯಿ ಮುಚ್ಚಿಸಬೇಕೆಂದಿದ್ದ. ಪ್ರೆಸ್ಸಿಗೆಂದು ಅವಳು ಕ್ಯಾಮೆರಾ ಕೇಳಿದಾಗ, ಅರ್ಧ ಮುಗಿದಿದೆ ಎಂದು ಕೊಟ್ಟ. ಅರ್ಧದ ಮೇಲೆ ಒಂದು ಆಗಿತ್ತು, ನಡುವಿಗೆ ಬರುವ ಆ ಒಂದು ಹೆಂಡತಿಯ ಮುಖ.

ಆಮೇಲೆ ಹೆಂಡತಿಗೆ ಲಕ್ವ ಹೊಡೆಯಿತು. ಕೈಕಾಲು ಸುಮಾರಾಗಿ ಮರಳಿದವು. ಬಾಯಿ ಮಾತ್ರ ಒಂದು ಕಡೆ ಇಳಿದೇ ಉಳಿಯಿತು. ಅವಳು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಎಷ್ಟೋ ಸಂಗತಿ ಮರೆತಿದ್ದಳು, ಒಲೆ ಆರಿಸುವುದು, ಪಕ್ಕದ ಮನೆಯವರ ಹೆಸರು. ತಾರಸಿಯ ಆ ಬೆಳಗ್ಗೆಯನ್ನೂ ಮರೆತಿದ್ದಾಳೆಂದು ಅವನು ನಂಬಿಕೊಂಡ. ಈಗ ನೆನಪು ಮಾಡಿ, ಚಿತ್ರ ಮೂಡದೇ ಹೋದರೆ, ಆ ನಗುವನ್ನು ಅವಳಿಂದ ಎರಡನೆಯ ಸಲ ಕಿತ್ತುಕೊಂಡ ಹಾಗೆ. ಹಾಗೆಂದುಕೊಂಡು ಗುಬ್ಬಿಗೆ, “ನಿನ್ನಿಷ್ಟ,” ಎಂದುಬಿಟ್ಟಿದ್ದ.

ಒಳಗೆ ಫಿಲ್ಮು ಸರಸರ ಎಂದಿತು. ಅವಳು ಅದನ್ನು ನೀಳವಾಗಿ ಹಿಡಿದು, ತುದಿಗೆ ತುದಿ ಕೂಡಿಸಿ ನಡು ಹುಡುಕುತ್ತಿದ್ದಾಳೆ. ಸ್ವಲ್ಪ ನಿನ್ನ ಕಡೆ ಸರಿಸಿ ಕತ್ತರಿಸು ಎಂದರೂ ಸಾಕು. ಆದರೆ ಗುಬ್ಬಿಯ ಭಾಗದ ಮೊದಲ ಚಿತ್ರವೂ ಪ್ರೆಸ್ಸಿನ ಯಾರದೋ ಮುಖವೇ.

“ಗುಬ್ಬೀ.”

“ಏನು ಚಿಕ್ಕಪ್ಪ?”

ಕಿಟಕಿಯ ಕಡೆಯಿಂದ ಹೆಂಡತಿ ತಿರುಗಿ ನೋಡಿದಳು.

“ನಿಧಾನ,” ಎಂದ.

ಕತ್ತರಿಯ ಸದ್ದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಚಿಕ್ಕದು. ಅದೇನೆಂದು ಅವನಿಗೆ ಗೊತ್ತಿತ್ತು. ಕತ್ತಲಲ್ಲಿ ಕತ್ತರಿಸಿದ ಅಂಚು ಸೊಟ್ಟಗಿರುತ್ತದೆ, ಡೆವಲಪ್ ಮಾಡುವ ಡಬ್ಬಿಯೊಳಗಿನ ರೀಲಿಗೆ ಏರುವುದಿಲ್ಲ. ಅರ್ಧ ಬೆರಳಿನಷ್ಟು ತೆಗೆದು ನೇರ ಮಾಡಬೇಕು. ಅವನೇ ಕಲಿಸಿದ್ದು.

ಮುಂದಿನದೆಲ್ಲ ಅಚ್ಚುಕಟ್ಟಾಗಿ ನಡೆಯಿತು. ಎರಡೂ ತುಂಡು ಬೆಳಕು ನುಸುಳದ ತಂತಮ್ಮ ಡಬ್ಬಿ ಸೇರಿದ ಮೇಲೆ ಗುಬ್ಬಿ ದೀಪ ಹಾಕಿ, ನೆಲದ ಮೇಲೆ ಬಿದ್ದ ಚೂರನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದಳು. ಹಾಡು ಗುನುಗುತ್ತ ಡೆವಲಪರ್ ಸುರಿದಳು, ಫಿಕ್ಸರ್ ಸುರಿದಳು, ನಲ್ಲಿಯ ಕೆಳಗೆ ತೊಳೆದಳು. ಬಚ್ಚಲ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಎರಡನ್ನೂ ನೇತುಹಾಕಿದಳು. ಆಮೇಲೆ ಗುನುಗು ನಿಂತಿತು.

“ಚಿಕ್ಕಪ್ಪ, ಒಂದ್ನಿಮಿಷ ಬನ್ನಿ.”

ಯಂತ್ರದ ಕೋಣೆ ಚೆನ್ನಾಗಿ ಬಂದಿತ್ತು, ಪಾರಿವಾಳಗಳ ಒಂದೊಂದು ಗರಿಯೂ ಎಣಿಸುವ ಹಾಗಿತ್ತು. ಅವನು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತನ್ನ ತುಂಡಿನ ಕೊನೆಗೆ ಬಂದ. ಹಣೆ, ಕಣ್ಣು, ಮೂಗಿನ ತುದಿ. ಅಲ್ಲಿಗೆ ಮುಗಿದಿತ್ತು. ಗುಬ್ಬಿಯ ತುಂಡು ಒಂದು ಗದ್ದದಿಂದ ಶುರುವಾಗುತ್ತಿತ್ತು.

ನಡುವಿನದನ್ನು ಅವಳು ಆಗಲೇ ಬುಟ್ಟಿಯಿಂದ ಹೆಕ್ಕಿ ತಂದಿದ್ದಳು. ಸುರುಳಿ ಸುತ್ತಿದ ಬೂದು ಬಣ್ಣದ ಚೂರು. ಡೆವಲಪರಿನ ಬಾಟಲಿಗೆ ಕೈ ಹಾಕಿದವಳನ್ನು ಅವನು ತಡೆದ. ಬೆಳಕು ಕಂಡಾಗಿತ್ತು, ಇನ್ನು ಅದರಲ್ಲಿ ಕಪ್ಪು ಬಿಟ್ಟು ಏನೂ ಬರುವುದಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಅವನು ಭೂತಗನ್ನಡಿ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತ ನಿಂತ.

“ರೀ.”

ಹೆಂಡತಿ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದಳು. ಕರವಸ್ತ್ರ ಕುರ್ಚಿಯಲ್ಲೇ ಉಳಿದಿತ್ತು. ಪದಗಳನ್ನು ಒಂದೊಂದಾಗಿ ದೂಡುತ್ತ ಕೇಳಿದಳು.

“ನಂದು ಬಂತಾ?”

ಅವನು ಸುಳ್ಳು ಹುಡುಕಿದ, ಸಿಗಲಿಲ್ಲ. ಒದ್ದೆ ಫಿಲ್ಮನ್ನು ಕ್ಲಿಪ್ಪಿನಿಂದ ಬಿಡಿಸಿ ಅಂಚು ಹಿಡಿದುಕೊಟ್ಟ. ಅವಳು ಅದನ್ನು ದೀಪಕ್ಕೆ ಎತ್ತಿ ಬಹಳ ಹೊತ್ತು ನೋಡಿದಳು.

“ಕ್ಲಿಪ್ಪು ಕಾಣಲ್ಲ.”

“ಇಲ್ಲ.”

“ಅಂದ್ರೆ ನಗೂನೂ ಇಲ್ಲ.”

ಗುಬ್ಬಿ ಅಳಲು ಶುರುಮಾಡಿದಳು. ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು, ಕಣ್ಣು ಮಾತ್ರ ಗಂಡನ ಮೇಲಿತ್ತು.

“ನೀವು ಅವಳಿಗೆ ಹೇಳ್ತೀರಿ ಅಂತ ಕಾಯ್ತಾ ಇದ್ದೆ,” ಎಂದಳು. “ಬೆಳಗ್ಗೆಯಿಂದ.”

ಅವನು ಬಗ್ಗಿ ಬಾಗಿಲ ಬಳಿ ಮುದ್ದೆಯಾಗಿ ಬಿದ್ದಿದ್ದ ಟವೆಲ್ಲನ್ನು ಎತ್ತಿ ಮಡಿಸತೊಡಗಿದ. ಅಂಚಿಗೆ ಅಂಚು ಕೂಡಲಿಲ್ಲ. ಬಿಡಿಸಿ ಮತ್ತೆ ಮಡಿಸಿದ.