ಇಳಿಯಬಾರದ ಗೇಜು

"ಓರೆ ಮಾಡ್ರೋ, ಓರೆ! ಮೂತಿ ಮೊದ್ಲು ಒಳಗೆ ಬರ್ಲಿ!"

ಅಂತ್ಯಕ್ರಿಯೆಯ ಸಭಾಂಗಣದ ಬಾಗಿಲಲ್ಲಿ ನಾಲ್ವರು ಗಂಡಸರು ಒಂದು ಕಾರ್ಟನ್ನು ತೂರಿಸಲು ಹೆಣಗುತ್ತಿದ್ದರು. ಸ್ನಾನದ ತೊಟ್ಟಿಗೆ ಚಕ್ರ ಸಿಕ್ಕಿಸಿದಂತಿದ್ದ ಆ ಪುಟ್ಟ ರೇಸ್ ಗಾಡಿ ಚೌಕಟ್ಟಿಗೆ ಕಚ್ಚಿಕೊಂಡು, ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ, ಮೂತಿಗೆ ಕಟ್ಟಿದ್ದ ಹೂವನ್ನೆಲ್ಲ ನೆಲಕ್ಕೆ ಉದುರಿಸುತ್ತಿತ್ತು. ಹಿಂದೆ ನಿಂತು ಕೈ ಬೀಸಿ ಅಪ್ಪಣೆ ಕೊಡುತ್ತಿದ್ದವನು ಕ್ಲಬ್ಬಿನ ಅಧ್ಯಕ್ಷ. ಟೈಲ್ಸ್ ಅಂಗಡಿಯ ಯಜಮಾನ. ಜೀವಮಾನದಲ್ಲಿ ಒಂದು ಟೈಲನ್ನೂ ಸ್ವಂತ ಕೈಯಿಂದ ಎತ್ತಿದವನಲ್ಲ.

"ಇದ್ಯಾಕಕ್ಕ ಬಂತು ಇಲ್ಲಿಗೆ?" ಶವಪೆಟ್ಟಿಗೆಯ ಪಕ್ಕ ಕೂತಿದ್ದ ತಂಗಿ ಅಕ್ಕನ ಕಿವಿಯಲ್ಲಿ ಕೇಳಿದಳು.

"ಇದ್ದಾಗ ಅವರಿಗೊಂದು ಕುರ್ಚಿ ಕೊಡ್ಲಿಲ್ಲ. ಈಗ ಗಾಡೀನೇ ತಂದಿದಾರೆ. ಎಬ್ಬಿಸಿ ಕೂರಿಸ್ತಾರೇನೋ," ಎಂದಳು ಅಕ್ಕ.

ಅಕ್ಕನದು ಬೀದಿಯ ತುದಿಯಲ್ಲೊಂದು ಇಸ್ತ್ರಿ ಅಂಗಡಿ. ಪೆಟ್ಟಿಗೆಯೊಳಗೆ ಮಲಗಿದ್ದ ಅವಳ ಗಂಡ ವಾರವೆಲ್ಲ ನೀರಿನ ಮೀಟರು ರಿಪೇರಿ ಮಾಡುತ್ತಿದ್ದ. ಭಾನುವಾರ ಬಂತೆಂದರೆ ಕಾರ್ಟ್ ಕ್ಲಬ್ಬಿಗೆ ಓಡಿ ಎಂಜಿನ್ ತಪಾಸಣೆ ಮಾಡುತ್ತಿದ್ದ. ರೇಸು ಮುಗಿದ ಮೇಲೆ ಗೆದ್ದವರ ಎಂಜಿನ್ನಿಗೆ ಉಕ್ಕಿನ ಗೇಜೊಂದನ್ನು ಹಿಡಿದು ನೋಡುವುದು ಅವನ ಕೆಲಸ. ಅದಕ್ಕೇ ಕ್ಲಬ್ಬಿನವರು ಇಟ್ಟ ಹೆಸರು ಗೇಜಪ್ಪ.

ಗೇಜೆಂದರೆ ಕಿರುಬೆರಳಿನಂಥ ಒಂದು ಸರಳು, ಅಷ್ಟೇ. ಎಂಜಿನ್ನು ಗಾಳಿ ಕುಡಿಯುವ ಬಾಯಿಯ ಅಳತೆ ಎಲ್ಲರಿಗೂ ಒಂದೇ ಇರಬೇಕೆಂಬುದು ಕ್ಲಬ್ಬಿನ ನಿಯಮ. ಕದ್ದುಮುಚ್ಚಿ ಆ ಬಾಯಿಯನ್ನು ಉಜ್ಜಿಸಿ ಅಗಲ ಮಾಡಿಸಿಕೊಂಡವನ ಗಾಡಿ ಹೆಚ್ಚು ಗಾಳಿ ಕುಡಿದು ಹೆಚ್ಚು ಓಡುತ್ತದೆ. ನೆಟ್ಟಗಿರುವ ಬಾಯಿಗೆ ಗೇಜು ಇಳಿಯುವುದಿಲ್ಲ. ಇಳಿಯಿತೋ, ಗೆದ್ದವನು ಹೊರಗೆ.

ಕಾರ್ಟು ಕೊನೆಗೂ ಒಳಗೆ ಬಂದು ಪೆಟ್ಟಿಗೆಯ ಕಾಲ್ದೆಸೆಯಲ್ಲಿ ನಿಂತಿತು. ಅದು ಅಧ್ಯಕ್ಷನ ಮಗನ ಗಾಡಿ. ಮಗನಿಗೆ ಮೂವತ್ತು ತುಂಬುತ್ತ ಬಂದಿತ್ತು; ಎಲ್ಲರೂ ಅವನನ್ನು ಚಾಂಪಿಯನ್ ಎನ್ನುತ್ತಿದ್ದರು, ಅವನ ತಾಯಿಯೂ. ಈ ಭಾನುವಾರದ ಕೊನೆಯ ರೇಸು ಗೆದ್ದರೆ ವರ್ಷದ ಕಪ್ಪು ಅವನದೇ.

ಅಧ್ಯಕ್ಷ ಕರವಸ್ತ್ರದಿಂದ ಬೆವರು ಒರೆಸಿಕೊಂಡು, ಅದೇ ಕರವಸ್ತ್ರವನ್ನು ಕಣ್ಣಿಗೂ ಒತ್ತಿಕೊಂಡು, ಹತ್ತಿರ ಬಂದ.

"ಅತ್ತಿಗೆ, ಕಮಿಟೀಲಿ ತೀರ್ಮಾನ ಆಯ್ತು. ಅವರ ಗೇಜು ಅವರ ಜೊತೇಲೇ ಮಣ್ಣಿಗೆ ಹೋಗ್ಬೇಕು. ಇನ್ನೊಬ್ಬರ ಕೈ ಅದನ್ನ ಮುಟ್ಟಬಾರದು. ಕ್ಲಬ್ಬು ಅವರಿಗೆ ಕೊಡೋ ಗೌರವ ಅದು. ಫೋನಲ್ಲಿ ಹೇಳಿದ್ನಲ್ಲ, ತಂದಿದೀರಿ ತಾನೆ?"

"ಬ್ಯಾಗಲ್ಲಿದೆ."

ಹಸಿದವನು ಬುತ್ತಿಯನ್ನು ನೋಡುವ ಹಾಗೆ ಅವನು ಅವಳ ಬ್ಯಾಗನ್ನು ನೋಡಿದ.

"ಪೆಟ್ಟಿಗೆ ಮುಚ್ಚೋ ಹೊತ್ತಿಗೆ ಇಡ್ತೀನಿ," ಎಂದಳು. ಅವಳಿಗೂ ಅದೇ ಬೇಕಿತ್ತು. ಆ ದರಿದ್ರ ಸರಳು ಮನೆ ಬಿಟ್ಟು ತೊಲಗಿದರೆ ಸಾಕಿತ್ತು.

*

ಮನೆಯಲ್ಲಿ ಗೇಜಪ್ಪ ಸತ್ಯಸಂಧನೇನಲ್ಲ. ಇಸ್ಪೀಟಾಡುವಾಗ ರಾಣಿಯನ್ನು ತೊಡೆಯ ಕೆಳಗೆ ಬಚ್ಚಿಡುತ್ತಿದ್ದ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಬಿಸ್ಕತ್ತು ಕದ್ದು ತಿಂದು, ಮೀಸೆಯ ತುಂಬ ಪುಡಿ ಮೆತ್ತಿಕೊಂಡು, "ನಿನ್ನಾಣೆಗೂ ಇಲ್ಲ ಕಣೇ," ಎನ್ನುತ್ತಿದ್ದ. ಇಂಥವನ ಕೈಗೆ ಆ ಸರಳು ಬಂದರೆ ಮಾತ್ರ ಏನೋ ಆಗುತ್ತಿತ್ತು. ಮುರಿದ ಕುರ್ಚಿಯ ಕಾಲೊಂದನ್ನು ಕೊರೆದು ಅದಕ್ಕೊಂದು ಮರದ ಗೂಡು ಮಾಡಿದ್ದ. ಗೇಜು ಅದರೊಳಗೆ ಉಸಿರೆಳೆದ ಹಾಗೆ ಸುಯ್ಯೆಂದು ಇಳಿಯುತ್ತಿತ್ತು.

ಒಂದು ಭಾನುವಾರ ಅವನು ಸ್ಕೂಟರನ್ನು ತಳ್ಳಿಕೊಂಡು ಬಂದ. ಎರಡು ಚಕ್ರಕ್ಕೂ ಗಾಳಿ ಇರಲಿಲ್ಲ.

"ಪಂಕ್ಚರಾ?"

"ಅಲ್ಲ. ಬಿಟ್ಟಿದಾರೆ."

ಚಾಂಪಿಯನ್ನನ ಎಂಜಿನ್ನಿಗೆ ಗೇಜು ಗುಳುಂ ಎಂದು ಇಳಿದಿತ್ತಂತೆ. ಗೆಲುವಿನ ಕೇಕು ಆಗಲೇ ಅರ್ಧ ಹಂಚಿಯಾಗಿತ್ತಂತೆ. ಅವನನ್ನು ಹೊರಗೆ ಹಾಕಿದ್ದಕ್ಕೆ ಯಾರೂ ಜಗಳವಾಡಲಿಲ್ಲವಂತೆ. ಇವನು ಕೂರುತ್ತಿದ್ದ ಕುರ್ಚಿಯನ್ನು ಮಾತ್ರ ಎತ್ತಿಕೊಂಡು ಹೋದರಂತೆ. ಉಳಿದ ಎಂಜಿನ್ನುಗಳನ್ನು ಹಳೇ ಟೈರಿನ ಮೇಲೆ ಕೂತು ನೋಡಿ ಬಂದಿದ್ದ. ಆಮೇಲೆ ಆ ಕುರ್ಚಿ ಅವನಿಗೆ ವಾಪಸ್ ಸಿಗಲೇ ಇಲ್ಲ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಧಡಕ್ಕನೆ ಕುಕ್ಕಿದಳು. "ಯಾವ ಸುಖಕ್ಕೆ ಇದು? ಮೈ ಬೆಳೆದ ಗಂಡಸರು ಮಂಡಿ ಮಡಚ್ಕೊಂಡು ಆಟದ ಗಾಡೀಲಿ ಗಿರಗಿರ ಸುತ್ತೋದು, ಅದರಲ್ಲಿ ಕಳ್ಳ ಯಾರು ಅಂತ ನೀವು ಹುಡುಕೋದು! ಯಾರು ಗೆದ್ರೆ ಯಾರ ಮನೆ ಮುಳುಗತ್ತೆ?"

"ಗೆದ್ದೋನ ವಿಷಯ ಅಲ್ಲ ಕಣೇ." ಅವನು ಪಂಪು ಒತ್ತುತ್ತ ಏದುಸಿರು ಬಿಡುತ್ತಿದ್ದ. "ಕೊನೇಲಿ ಬಂದೋನೊಬ್ಬ ಇರ್ತಾನಲ್ಲ. ತಾನು ನಿಜವಾಗ್ಲೂ ಕೊನೇನಾ ಅಲ್ವಾ ಅಂತ ಅವನಿಗೆ ಗೊತ್ತಾಗ್ಬೇಡ್ವಾ?"

"ಗೊತ್ತಾಗಿ ಏನು ಮಾಡ್ತಾನೆ?"

"ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ."

ಅವಳು ನಕ್ಕುಬಿಟ್ಟಳು. ಹುಚ್ಚು ಅನ್ನದೆ ಇದಕ್ಕೆ ಇನ್ನೇನನ್ನುವುದು? ಊಟವಾದ ಮೇಲೆ ಇಸ್ಪೀಟಿಗೆ ಕೂತರು. ರಾಣಿ ಎಂದಿನಂತೆ ತೊಡೆಯ ಕೆಳಗೇ ಇದ್ದಳು.

*

ಅಧ್ಯಕ್ಷನ ಭಾಷಣ ನಡೆದಿತ್ತು. "ಗೇಜಪ್ಪನವರು ನಮ್ಮ ಕ್ಲಬ್ಬಿನ ಆತ್ಮಸಾಕ್ಷಿಯಾಗಿದ್ದರು..."

"ಇವರ ಆತ್ಮಸಾಕ್ಷಿ ಪೆಟ್ಟಿಗೇಲಿದ್ರೇ ಇವರಿಗೆ ಅನುಕೂಲ," ಎಂದು ತಂಗಿ ಗೊಣಗಿದಳು.

ಹಿಂದಿನ ಸಾಲಿನಲ್ಲಿ ಒಬ್ಬನೇ ಒಬ್ಬ ನಿಜವಾಗಿ ಅಳುತ್ತಿದ್ದ. ಬ್ರೆಡ್ ವ್ಯಾನಿನ ಡ್ರೈವರ್. ರೇಸಿನಲ್ಲಿ ಯಾವಾಗಲೂ ಕಡೆಯವನಾಗಿ ಬರುತ್ತಿದ್ದುದರಿಂದ ಅವನಿಗೆ ಕೊನೇಬೋಗಿ ಎಂದು ಹೆಸರು. ಭಾಷಣ ಮುಗಿದಾಗ ಮೂಗೊರೆಸುತ್ತ ಎದ್ದುಬಂದ.

"ಅಕ್ಕ, ಒಂದ್ಸಲ ಮುಂದೆ ಬಂದ ಮೂರು ಜನಾನೂ ಹೊರಗೆ ಹಾಕಿದ್ರು ಅಣ್ಣ. ಮೂರೂ ಜನ!"

"ಆಮೇಲೆ? ನೀನು ಗೆದ್ಯಾ?"

"ಎಲ್ಲಿ ಗೆಲ್ಲೋದು. ಆಗ್ಲೂ ನಾನೇ ಕೊನೆ." ಅಳುತ್ತಲೇ ನಕ್ಕ. "ಆದ್ರೆ ಅಣ್ಣ ಬಂದು ಬೆನ್ನು ತಟ್ಟಿ, 'ಈಗ ನೋಡು, ನಿನ್ನ ಕೊನೆ ಅಪ್ಪಟ ಕೊನೆ' ಅಂದ್ರು. ಆವತ್ತು ಹಾಯಾಗಿ ನಿದ್ದೆ ಬಂತಕ್ಕ."

ಅವಳು ಅವನ ಮುಖವನ್ನೇ ನೋಡಿದಳು. ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷನ ಭಾಮೈದ ನಡುವೆ ನುಗ್ಗಿದ. ಎಂಜಿನ್ನಿಗೂ ಅವನಿಗೂ ಇದ್ದ ನಂಟೆಂದರೆ ತನ್ನ ಒಡಹುಟ್ಟಿದವಳನ್ನು ಅಧ್ಯಕ್ಷನಿಗೆ ಕೊಟ್ಟಿದ್ದೊಂದೇ.

"ಅಕ್ಕ, ಭಾನುವಾರದಿಂದ ತಪಾಸಣೆ ನಂದು. ನಿಮ್ಮ ಆಶೀರ್ವಾದ ಇರ್ಲಿ. ನೋಡಿ, ಹೊಸದು ಮಾಡ್ಸಿದೀವಿ."

ಉಂಗುರದ ಡಬ್ಬಿಯಂಥ ಮಖಮಲ್ಲಿನ ಡಬ್ಬಿ ತೆರೆದ. ಒಳಗೆ ಹೊಚ್ಚಹೊಸ ಗೇಜು ಥಳಥಳಿಸುತ್ತಿತ್ತು. ಗಂಡನ ಮೈ ಇನ್ನೂ ಮಣ್ಣಿಗೆ ಬಿದ್ದಿಲ್ಲ, ಅಷ್ಟರಲ್ಲೇ ಮಖಮಲ್ಲು!

"ಚೆನ್ನಾಗಿದೆ," ಎಂದು ಎತ್ತಿಕೊಂಡಳು. ಇನ್ನೊಂದು ಕೈಯಿಂದ ಬ್ಯಾಗಿನೊಳಗಿನ ಮರದ ಗೂಡನ್ನು ತೆಗೆದು, ಹಳೆಯದನ್ನು ಮಡಿಲಿಗೆ ಸುರಿದುಕೊಂಡು, ಹೊಸದನ್ನು ಗೂಡಿಗೆ ಬಿಟ್ಟಳು. ಗೂಡು ಖಾಲಿಯಾಗದಿರಲಿ ಎಂಬ ಆಸೆಯೋ, ಸುಮ್ಮನೆ ಕೈಗೆ ಬಂದ ಅಭ್ಯಾಸವೋ, ಅವಳಿಗೇ ತಿಳಿಯದು.

ಹೊಸದು ಬಾಯಲ್ಲೇ ನಿಂತಿತು. ಒತ್ತಿದಳು. ಇಳಿಯಲಿಲ್ಲ.

"ಏನಪ್ಪ ಇದು, ಊದ್ಕೊಂಡಿದೆ?"

"ಹೊಸದಲ್ವಾ ಅಕ್ಕ," ಎಂದ ಭಾಮೈದ ಅದನ್ನು ಕಸಿದು ಡಬ್ಬಿಗೆ ಹಾಕಿಕೊಳ್ಳುತ್ತ. "ಹೊಸದ್ರಲ್ಲಿ ಸ್ವಲ್ಪ ಬಿಗಿ ಇರತ್ತೆ. ಚಪ್ಪಲಿ ಥರ."

ಅವನು ಹೋದತ್ತ ನೋಡುತ್ತ ಕೂತಳು. ಉಕ್ಕು ಚಪ್ಪಲಿಯಂತೆ ಸವೆದು ಸಡಿಲವಾಗುತ್ತದೆಂದು ನಂಬುವವನು ತಪಾಸಣೆ ಮಾಡುವುದು ಹಾಳಾಗಲಿ. ಇಳಿಯಬಾರದ ಸರಳನ್ನೇ ದಪ್ಪ ಮಾಡಿಸಿದರೆ ಎಷ್ಟು ಅಗಲದ ಬಾಯಿಗೂ ಅದು ಇಳಿಯುವುದಿಲ್ಲ, ಎಲ್ಲರೂ ಸಾಚಾ. ಹಳೆಯದೊಂದು ಮಣ್ಣು ಸೇರಿಬಿಟ್ಟರೆ ಪಕ್ಕದಲ್ಲಿಟ್ಟು ನೋಡಲು ಏನೂ ಉಳಿಯುವುದಿಲ್ಲ. ಗೌರವವಂತೆ, ಗೌರವ!

ಥೂ, ಎನಿಸಿತು. ಕಳ್ಳತನಕ್ಕಲ್ಲ, ಕಳ್ಳತನದಲ್ಲೂ ಎಷ್ಟು ಸಣ್ಣವರು! ತೊಟ್ಟಿಯ ಗಾತ್ರದ ಗಾಡಿ, ಲೋಟದ ಗಾತ್ರದ ಕಪ್ಪು. ಅದಕ್ಕಾಗಿ ಸತ್ತವನ ಎದೆಯ ಮೇಲೆ ಸಾಕ್ಷಿಯನ್ನಿಟ್ಟು ಹೂಳಲು ಹೂವು ತಂದವರು. ತನ್ನ ಗಂಡ ಇಸ್ಪೀಟಿನ ರಾಣಿಯನ್ನು ಕದಿಯುವಾಗಲೂ ಇವರಿಗಿಂತ ದೊಡ್ಡ ಮನುಷ್ಯನಾಗಿದ್ದ.

ಸಭಾಂಗಣದ ಆಳು ಮುಚ್ಚಳ ಹಿಡಿದು ಬಂದ. ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಆ ಗೇಜು..."

"ಕಳಿಸೋಣ. ಹೋಗೋ ಮುಂಚೆ ಅವರು ಕೊನೇದಾಗಿ ಒಂದು ಎಂಜಿನ್ ನೋಡ್ಲಿ. ಗಾಡಿ ಹೇಗಿದ್ರೂ ಕಾಲ ಬುಡಕ್ಕೇ ಬಂದಿದೆಯಲ್ಲ."

ಯಾರೋ ಕೆಮ್ಮಿದರು. ಅಧ್ಯಕ್ಷ ಧ್ವನಿ ತಗ್ಗಿಸಿದ. "ಅದಕ್ಕೆಲ್ಲ ಇದು ಜಾಗ ಅಲ್ಲ, ಅತ್ತಿಗೆ."

"ಗಾಡಿ ತರೋಕೆ ಜಾಗ ಆಗಿತ್ತಲ್ಲ." ಅವಳು ಎದ್ದು ನಿಂತಳು. "ಬಾರಪ್ಪ ಚಾಂಪಿಯನ್, ನೀನೇ ಬಿಚ್ಚು. ಅವರು ಯಾರ ಎಂಜಿನ್ನಿಗೂ ಸ್ಪ್ಯಾನರ್ ಹಾಕಿದೋರಲ್ಲ. ಅವರವರದು ಅವರವರೇ ಬಿಚ್ಚಿ ತೋರಿಸ್ಬೇಕು. ಗೊತ್ತು ತಾನೆ?"

ಗೊತ್ತಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೊನೇಬೋಗಿ ಆಗಲೇ ವ್ಯಾನಿಗೆ ಓಡಿ ಸ್ಪ್ಯಾನರ್ ತಂದು ಚಾಂಪಿಯನ್ನನ ಮುಂದೆ ಹಿಡಿದಿದ್ದ. ಇಡೀ ಕ್ಲಬ್ಬು ಸುತ್ತ ನಿಂತು ನೋಡುತ್ತಿತ್ತು. ಬಿಚ್ಚದಿದ್ದರೂ ಕಷ್ಟ, ಬಿಚ್ಚಿದರೂ ಕಷ್ಟ. ಚಾಂಪಿಯನ್ ಅಪ್ಪನ ಮುಖ ನೋಡಿದ. ಅಪ್ಪ ಚಾವಣಿ ನೋಡಿದ.

ಮಗ ಮಂಡಿಯೂರಿ ಬಿಚ್ಚಿದ. ಗಾಳಿ ಸೋಸುವ ಡಬ್ಬಿ ಕಳಚಿ ಬಂತು. ಒಳಗೆ ದುಂಡಗೆ, ಕಪ್ಪಗೆ, ಹೊಸದಾಗಿ ಉಜ್ಜಿದ ಅಂಚು ಮಿನುಗುತ್ತ, ಎಂಜಿನ್ನಿನ ಬಾಯಿ ಕಂಡಿತು. ಅವಳು ಹಳೆಯ ಗೇಜನ್ನು ಸೆರಗಿನಲ್ಲಿ ಒರೆಸಿ ಬಗ್ಗಿದಳು.

ಚಾಂಪಿಯನ್ ಥಟ್ಟನೆ ಅಂಗೈಯಿಂದ ಎಂಜಿನ್ನಿನ ಬಾಯಿ ಮುಚ್ಚಿದ.

"ಕೈ ತೆಗಿಯಪ್ಪ."

ಅವನು ತೆಗೆಯಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಅವನ ಕಿವಿ ಕೆಂಪಗಾಗುವುದನ್ನು ಎಲ್ಲರೂ ನೋಡಿದರು.

ಅವಳು ಇನ್ನೊಮ್ಮೆ ಹೇಳಲಿಲ್ಲ. ಗೇಜನ್ನು ಗೂಡಿಗೆ ಬಿಟ್ಟಳು. ಸುಯ್ಯೆಂದು ಇಳಿಯಿತು. ಗೂಡನ್ನು ಬ್ಯಾಗಿಗೆ ಹಾಕಿಕೊಂಡು, ಗಂಡನ ಮೀಸೆಯನ್ನು ಬೆರಳಿಂದ ಒಮ್ಮೆ ಒರೆಸಿ, "ಮುಚ್ಚಪ್ಪ," ಎಂದಳು ಆಳಿಗೆ.

ಪೆಟ್ಟಿಗೆ ಎತ್ತುವಾಗ ಕೊನೇಬೋಗಿ ಹೆಗಲು ಕೊಡಲು ಬಂದ. "ಭಾನುವಾರ ಬೆಳಿಗ್ಗೆ ಮನೆ ಹತ್ರ ಬಾ," ಎಂದಳು. "ವ್ಯಾನಲ್ಲಿ ಜಾಗ ಇಟ್ಕೊಂಡಿರು. ನನ್ನ ಅಂಗಡಿ ಕುರ್ಚೀನೂ ಹಾಕ್ಕೋಬೇಕು."

ಜನ ಪೆಟ್ಟಿಗೆಯ ಹಿಂದೆ ಒಬ್ಬೊಬ್ಬರಾಗಿ ಹೊರಗೆ ನಡೆದರು. ಹೊರಗಿನಿಂದ ಅಧ್ಯಕ್ಷ ಮಗನನ್ನು ಕೂಗಿದ. ಬಾಗಿಲಲ್ಲಿ ಅವಳು ತಿರುಗಿ ನೋಡಿದಾಗ, ಖಾಲಿ ಕುರ್ಚಿಗಳ ನಡುವೆ, ಉದುರಿದ ಹೂವಿನ ಮೇಲೆ ಮಂಡಿಯೂರಿದ್ದ ಚಾಂಪಿಯನ್ ಇನ್ನೂ ಅಂಗೈ ಎತ್ತಿರಲಿಲ್ಲ. ಬಿಳಿ ಅಂಗಿಯ ತೋಳಿನ ಮೇಲೆ ಎಣ್ಣೆ ಮೆಲ್ಲಗೆ ಹರಡಿಕೊಳ್ಳುತ್ತಿತ್ತು.