ಮಹದೇವ್ ಒತ್ತಿದ ಕೆಂಪು ಗುಂಡಿ

ಮಾರೇನಹಳ್ಳಿಯ ಮಹದೇವ್‌ಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಹಳೆಯ ಕ್ಯಾಸೆಟ್ಟನ್ನು ಯಾರಾದರೂ ಅಡ್ಡಾದಿಡ್ಡಿ ಮುಟ್ಟಿದರೆ ಮುಗಿದೇ ಹೋಯಿತು. ಮಹಡಿಯ ಶೀಟಿನ ಕೋಣೆಯಲ್ಲಿ ಅವನು ಎಂಬತ್ತರ ದಶಕದ ಆಟದ ಕಂಪ್ಯೂಟರುಗಳನ್ನು ಇಪ್ಪತ್ತು ವರ್ಷದಿಂದ ಸಾಕಿಕೊಂಡು ಬಂದಿದ್ದ. ಇಡೀ ಯಂತ್ರ ಕೀಲಿಮಣೆಯೊಳಗೇ ಇರುವ ಕಂಪ್ಯೂಟರುಗಳು ಅವು. ಅವನ್ನು ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಿಂದ ಆಟ ತುಂಬಿಸಬೇಕು.

ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ: 'ಮೊದಲು ಚೂರು ಮುರಿ, ಆಮೇಲೆ ಕ್ಯಾಸೆಟ್ ಹಾಕು.' ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವಲ್ಲ, ಅವನ್ನು ಮುರಿದುಬಿಟ್ಟರೆ ರೆಕಾರ್ಡಿಂಗಿನ ಕೆಂಪು ಗುಂಡಿ ಒಳಗೆ ಹೋಗುವುದೇ ಇಲ್ಲ, ಇದ್ದದ್ದು ಅಳಿಸುವ ಭಯವಿಲ್ಲ. ಹೋದ ತಿಂಗಳು ಬ್ಯಾಡರಹಳ್ಳಿಯ ಗೆಳೆಯ ಕೊಟ್ರೇಶ್ ಚೂರು ಮುರಿಯುವುದನ್ನು ಮರೆತು ಒಂದು ಆಟವನ್ನೇ ಅಳಿಸಿಬಿಟ್ಟಿದ್ದ. "ಒಂದನೇ ಕ್ಲಾಸ್ ಮಕ್ಳು ಮಾಡೋ ತಪ್ಪು ಕಣೋ ಇದು!" ಎಂದು ಮಹದೇವ್ ಅವನಿಗೆ ಎಲ್ಲರೆದುರೇ ಮಂಗಳಾರತಿ ಎತ್ತಿದ್ದ. ಪಾಪ, ಕೊಟ್ರೇಶ್ ಅಂದಿನಿಂದ ಈ ಕಡೆ ತಲೆ ಹಾಕಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬಂದವರು ರಾಜಾಜಿನಗರದ ಕಲಾ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ನಿವೃತ್ತಿಗೆ ಇನ್ನೊಂದೇ ವರ್ಷ. ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

"ಪಾಲಿಟೆಕ್ನಿಕ್‌ನಲ್ಲಿದ್ದಾಗ ನಾನೇ ಬರೆದ ಆಟ ಸಾರ್. ನಲ್ಲಿಯಿಂದ ನೀರು ಹೊತ್ಕೊಂಡು ಒಬ್ಳು ಹುಡುಗಿ ಮನೆಗೆ ಹೋಗ್ಬೇಕು. ದಾರೀಲಿ ದನ, ನಾಯಿ, ಸೈಕಲ್ಲು. ಇದೊಂದೇ ಕ್ಯಾಸೆಟ್ ಇರೋದು."

"ಎಷ್ಟು ವರ್ಷ ಆಯ್ತು ಮೇಡಂ, ನೋಡಿ?"

"ಮೂವತ್ತೊಂಬತ್ತು. ಆಮೇಲೆ ಮದ್ವೆ, ಕೆಲ್ಸ, ಮಕ್ಳು. ನಾನೊಂದು ಆಟ ಮಾಡಿದ್ದೆ ಅಂದ್ರೆ ಮನೇಲಿ ನಗ್ತಾರೆ. ಬರ್ತಾ ಬರ್ತಾ ನಂಗೇ ಅನುಮಾನ ಸಾರ್, ನಿಜವಾಗ್ಲೂ ಮಾಡಿದ್ನಾ, ಇಲ್ಲಾ ಹಾಗಂದ್ಕೊಂಡಿದೀನಾ ಅಂತ. ಒಂದೇ ಒಂದ್ಸಲ ನೋಡ್ಬೇಕು."

ಮಹದೇವ್‌ಗೆ ಹುರುಪು ಬಂತು. ಮೊದಲು ರೆಕಾರ್ಡರ್ ಸರಿಯಿದೆಯೇ ಎಂದು ನೋಡಬೇಕಲ್ಲ, ಖಾಲಿ ಕ್ಯಾಸೆಟ್ ಹಾಕಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಅದರಲ್ಲಿ ಉಳಿಸಿದ. ಉಳಿಸುವಾಗ ಕೆಂಪು ಗುಂಡಿ, ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕು, ತುಂಬಿಸುವಾಗ ಪ್ಲೇ ಒಂದನ್ನೇ. ಅದೇ ಹೊತ್ತಿಗೆ ಹೆಂಡತಿ ವರಲಕ್ಷ್ಮಿ ಕಾಫಿ ತಂದಳು. ಅವನು ಗೋಡೆಯ ಚೀಟಿ ತೋರಿಸುತ್ತಾ ಕೊಟ್ರೇಶನ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳತೊಡಗಿದ. ಹೇಳುತ್ತಲೇ ಖಾಲಿ ಕ್ಯಾಸೆಟ್ ತೆಗೆದ, ಕಲಾ ಅವರದನ್ನು ಹಾಕಿದ, ಗುಂಡಿ ಒತ್ತಿದ. ಬೆರಳುಗಳು ಹಿಂದಿನ ಕೆಲಸವನ್ನೇ ಮತ್ತೆ ಮಾಡಿದವು, ಎರಡೂ ಗುಂಡಿ ಒಳಗೆ ಹೋದವು.

"ರೀ, ಆ ಕೆಂಪು ಲೈಟ್ ಹತ್ತಿರ್ಬೇಕಾ?" ಎಂದಳು ವರಲಕ್ಷ್ಮಿ.

ಅವನು ರಪ್ಪನೆ ನಿಲ್ಲಿಸಿದ. ಆದರೆ ಅಷ್ಟರಲ್ಲಿ ಇಪ್ಪತ್ತು ಸೆಕೆಂಡು ಕಳೆದಿತ್ತು. ಕ್ಯಾಸೆಟ್ ಹೊರತೆಗೆದು ತಿರುಗಿಸಿದರೆ ಎರಡೂ ಚೂರುಗಳು ಭದ್ರವಾಗಿ ಕೂತಿದ್ದವು.

ಹಳೇ ಟೇಪು, ಬೂಷ್ಟು ಹಿಡಿದಿದೆ ಎಂದರೆ ಸಾಕಿತ್ತು. ಆಕೆ ನಂಬಿ, ನಮಸ್ಕಾರ ಹೇಳಿ ಹೋಗುತ್ತಿದ್ದರು. ಆ ಮಾತು ನಾಲಿಗೆಯವರೆಗೆ ಬಂದೂ ಬಂತು. ಆಕೆಯ ಮಡಿಲಲ್ಲಿ ಮಡಚಿಟ್ಟಿದ್ದ ಕರವಸ್ತ್ರ ಕಣ್ಣಿಗೆ ಬಿದ್ದು, ಮಾತು ನುಂಗಿಕೊಂಡ.

"ತಪ್ಪಾಯ್ತು ಮೇಡಂ. ಅಳಿಸ್ಬಿಟ್ಟೆ. ಶುರುವಿಂದು ಹೋಯ್ತು. ಶುರು ಇಲ್ದೆ ಮಿಕ್ಕಿದ್ದನ್ನ ಕಂಪ್ಯೂಟರ್ ಓದಲ್ಲ."

ಕಲಾ ಕರವಸ್ತ್ರದ ಮಡಿಕೆ ಬಿಚ್ಚಿದರು, ಮತ್ತೆ ಮಡಚಿದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮಿಕ್ಕಿದ್ದು ಕೇಳ್ಸುತ್ತಾ?" ಎಂದರು ಕೊನೆಗೆ. "ಬರೀ ಸದ್ದಾದ್ರೂ?"

ಅವನು ಕ್ಯಾಸೆಟ್ಟನ್ನು ಮತ್ತೆ ಹಾಕಿ ಮೊದಲಿಗೆ ಸುತ್ತಿದ. ಸದ್ದು ಹೊರಗೆ ಕೇಳಲೆಂದು ರೆಕಾರ್ಡರಿನಿಂದ ವೈರು ಕಿತ್ತು, ಈ ಸಲ ಪ್ಲೇ ಒಂದನ್ನೇ ನೋಡಿಕೊಂಡು ಒತ್ತಿದ. ಮೊದಲು ಬರೀ ಮೌನ, ಆಮೇಲೆ ಕಿರ್ರೆಂದು ಕರ್ಕಶ ಸದ್ದು. ಅದೇ ಆಟ, ಓದಲು ಬಾರದ ಆಟ. ಮೂವರೂ ತಲೆ ತಗ್ಗಿಸಿ ಕೇಳಿದರು. ಮೂರು ನಿಮಿಷಕ್ಕೆ ಸದ್ದು ನಿಂತಿತು. ಮಹದೇವ್ ಟೇಪ್ ನಿಲ್ಲಿಸಲು ಕೈ ಚಾಚಿದ.

ಒಂದು ಎಳೆಯ ದನಿ ಮಾತಾಡಿತು.

"ಕಲಾ, ಎರಡನೇ ಸಲ. ಮೊದಲನೇದು ಹಾಳಾದ್ರೆ ಇರ್ಲಿ ಅಂತ."

ಹಿಂದೆಯೇ ಮತ್ತೆ ಅದೇ ಕಿರ್ರೆನ್ನುವ ಸದ್ದು ಶುರುವಾಯಿತು. ಮಹದೇವ್ ಕುರ್ಚಿಯಿಂದ ಎದ್ದೇಬಿಟ್ಟ. ಕಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಅಯ್ಯೋ, ಮರ್ತೇಹೋಗಿತ್ತು! ಎರಡೆರಡು ಸಲ ಯಾಕೆ ಉಳಿಸ್ತೀಯಾ, ಹೆದರುಪುಕ್ಲಿ ಅಂತ ಕ್ಲಾಸೆಲ್ಲಾ ನಕ್ಕಿತ್ತು ಸಾರ್. ಹೊಸಬ್ಳು ನಾನು, ಎಲ್ಲಿ ಹಾಳಾಗುತ್ತೋ ಅಂತ ಭಯ."

"ಆ ಹೊಸಬ್ಳಿಗೆ ನಾನು ಕೈ ಮುಗೀಬೇಕು ಮೇಡಂ," ಎಂದ ಮಹದೇವ್. ನಿಜಕ್ಕೂ ಕೈ ಮುಗಿದ. ಇಪ್ಪತ್ತು ವರ್ಷದ ಪಳಗಿದ ಕೈ ಕೆಡಿಸಿದ್ದನ್ನು ಹತ್ತೊಂಬತ್ತರ ಹುಡುಗಿಯ ಅಂಜಿಕೆ ಉಳಿಸಿಕೊಟ್ಟಿತ್ತು. ಅವನ ಕಣ್ಣು ತುಂಬಿ ಬಂತು, ಮರೆಮಾಚಲೂ ಹೋಗಲಿಲ್ಲ.

"ಸಂಜೆ ಕೊಟ್ರೇಶಣ್ಣಂಗೆ ಫೋನ್ ಮಾಡಿ," ಎಂದಳು ವರಲಕ್ಷ್ಮಿ.

"ಮಾಡ್ತೀನಿ ಕಣೇ. ಮಾಡಿ ಇದನ್ನೂ ಹೇಳ್ತೀನಿ."

ಸ್ಕ್ರೂಡ್ರೈವರ್ ತಂದು ಕ್ಯಾಸೆಟ್ ಜೊತೆಗೆ ಕಲಾ ಅವರ ಮುಂದೆ ಹಿಡಿದ. "ನೀವೇ ಮುರೀರಿ. ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ."

ಅವರು ಎರಡೂ ಚೂರುಗಳನ್ನು ಟಕ್ ಟಕ್ ಎಂದು ಮುರಿದರು. ಇಬ್ಬರೂ ಸೇರಿ ವೈರು ಮತ್ತೆ ಸಿಕ್ಕಿಸಿ, ಎರಡನೇ ಸಲದ್ದನ್ನು ಹುಡುಕಿ ತುಂಬಿಸಿದರು. ಟಿವಿಯಲ್ಲಿ ಕಪ್ಪು ಬೀದಿ ಮೂಡಿತು, ಅದರ ಮೇಲೆ ಕೊಡದಂತೆ ಒಂದು ಚೌಕವನ್ನು ತಲೆಯಲ್ಲಿ ಹೊತ್ತ ಕಡ್ಡಿಯಂಥ ಹುಡುಗಿ. ಮೊದಲ ಸಲ ದನ ಗುದ್ದಿ ನೀರು ಚೆಲ್ಲಿತು. ಎರಡನೇ ಸಲ ಸೈಕಲ್ಲು. ಮೂರನೇ ಸಲ ಕಲಾ ತುಟಿ ಕಚ್ಚಿಕೊಂಡು, ನಾಯಿಯಿಂದ ತಪ್ಪಿಸಿಕೊಂಡು ಹುಡುಗಿಯನ್ನು ಮನೆ ಬಾಗಿಲು ಮುಟ್ಟಿಸಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಂತು: 'ಅಮ್ಮ, ನೀರು ಬಂತು. ಆಟ ಬರೆದವಳು ಕಲಾ.'

ಕಲಾ ಅದನ್ನು ಎರಡು ಸಲ ಓದಿದರು.

"ನಾನೇ ಮಾಡಿದ್ದು," ಎಂದರು.