ಉಬ್ಬಿದ ಹಿಟ್ಟು

ಬೋಗುಣಿಯ ಅಂಚಿಗೆ ಒಣಗಿ ಅಂಟಿದ್ದ ಹಿಟ್ಟನ್ನು ಅವಳು ಉಗುರಿನಿಂದ ಕೆರೆಯುತ್ತಿದ್ದಳು. ನಾದಿನಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಬಿಡಿ ಅತ್ತಿಗೆ ಅದನ್ನ. ಅಣ್ಣನ್ನ ಆಸ್ಪತ್ರೆಯಿಂದ ತಂದ್ರು."

"ಇಷ್ಟು ತೊಳೆದು ಬರ್ತೀನಿ."

ನಾದಿನಿ ಬೋಗುಣಿಯನ್ನು ಕಿತ್ತುಕೊಂಡಳು.

ವೆಲ್ಡರ್ ಆಗಿದ್ದ ಗಂಡನ ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಪಕ್ಕದಲ್ಲೇ ಅವನು ಹಳೆಯ ಎಣ್ಣೆ ಡ್ರಮ್ಮು ಕೊಯ್ದು ಬೆಸೆದ ಪಿಜ್ಜಾ ಒಲೆ. ಒಳಗೆ ನಿನ್ನೆಯ ಬೂದಿ. ನಿನ್ನೆ ಸಂಜೆ ಅವನು ಕುಸಿದದ್ದು ಅದರ ಮುಂದೆಯೇ.

ಎಲ್ಲರೂ ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ, ಮೈ ಉರಿಯುತ್ತಿತ್ತು. ಅವನೊಂದು ಸಲ ಎದ್ದು ಕೂತಿದ್ದರೆ ಹಿಡಿದು ಜಾಡಿಸುತ್ತಿದ್ದಳು.

"ಇವನ ಕೈ ಪಿಜ್ಜಾ ತಿಂದೋರಿಗೆ ಅಂಗಡೀದು ಗಂಟಲಲ್ಲಿ ಇಳಿಯಲ್ಲ," ಎಂದ ಪಕ್ಕದ ಮನೆಯ ದರ್ಜಿ. "ಒಂದ್ಸಲ ಕುಂಬಳಕಾಯಿ ಹಾಕಿದ್ದ ಮಾರಾಯ. ಚೀಸ್ ಎಲ್ಲಯ್ಯಾ ಅಂದ್ರೆ, ಕೆಳಗೆ ಮಲಗಿದೆ, ಎಬ್ಬಿಸ್ಬೇಡ ಅಂದ!"

ಯಾರಿಗೋ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು.

ನಾದಿನಿ ಮೂಗೊರೆಸಿಕೊಂಡಳು. "ಎದೆನೋವು ಅಂತಿದ್ನಂತೆ. ಮಗು ಹಟ ಹಿಡೀತಂತೆ, ಇವತ್ತೇ ಬೇಕು ಅಂತ. ಮಗಳ ಮಾತು ಮೀರ್ತಾನಾ ಅಣ್ಣ?"

ಕಂಬಕ್ಕೆ ಒರಗಿದ್ದ ಮಗಳು ಪುಟ್ಟಿ ಅತ್ತೆಯ ಮುಖ ನೋಡಿದಳು.

"ಬಾಯ್ಮುಚ್ಚು," ಎಂದಳು ತಾಯಿ.

"ಅಯ್ಯೋ, ನಾನೇನಂದೆ ಈಗ?"

"ಎಲುಬಿಲ್ಲದ ನಾಲಿಗೆ ಅಂತ ಹೇಗೆ ಬೇಕೋ ಹಾಗೆ ಹೊರಳಿಸ್ತೀಯಾ? ಮಗು ಇಲ್ಲೇ ನಿಂತಿದೆ."

ಪುಟ್ಟಿ ಒಳಗೆ ಹೋದಳು.

*

ನಿನ್ನೆ ಅವನು ಸಂತೆಯಿಂದ ಬದನೆಕಾಯಿ, ಎಳೆಯ ಜೋಳ ತಂದಿದ್ದ. ಮಾರುಕಟ್ಟೆಯಲ್ಲಿ ಯಾವುದು ರಾಶಿ ಬಿದ್ದಿದೆಯೋ ಪಿಜ್ಜಾದ ಮೇಲೆ ಅದೇ. ಕಾಲವಲ್ಲದ ಕಾಲದ ಟೊಮೆಟೊ ದೂರದ ನೆಂಟರಿದ್ದ ಹಾಗೆ, ಬಣ್ಣ ಜಾಸ್ತಿ ಉಪಯೋಗ ಇಲ್ಲ ಎನ್ನುತ್ತಿದ್ದ. ಹಿಟ್ಟು ತಟ್ಟುತ್ತ ತಟ್ಟುತ್ತ ನಿಂತು ಎದೆ ಒತ್ತಿಕೊಂಡ.

"ಆಸ್ಪತ್ರೆಗೆ ನಡೀರಿ, ಈಗ್ಲೇ."

"ಗ್ಯಾಸು ಕಣೇ. ಉಬ್ಬಿದ ಹಿಟ್ಟು ಕಾಯಲ್ಲ, ಡಾಕ್ಟರು ಕಾಯ್ತಾರೆ."

"ನಾಳೆ ಮಾಡಿದ್ರೆ ಏನು ಗಂಟು ಹೋಗುತ್ತೆ?"

ಪುಟ್ಟಿ ಓಡಿಬಂದಳು. "ಇವತ್ತೇ ಅಂದಿದ್ದೆ ಅಪ್ಪಾ!"

"ನೋಡು, ಯಜಮಾನ್ತಿ ಆರ್ಡರು," ಎಂದು ನಕ್ಕು, ಬೆವರಿದ ಹಣೆಯನ್ನು ಹಿಟ್ಟಿನ ಕೈಯಿಂದಲೇ ಒರೆಸಿಕೊಂಡ.

*

ಅವನನ್ನು ಸ್ಮಶಾನಕ್ಕೆ ಒಯ್ದವರು ಮಧ್ಯಾಹ್ನ ಹಿಂದಿರುಗಿದರು. ಪುಟ್ಟಿ ಊಟ ಮುಟ್ಟಲಿಲ್ಲ, ಅಳಲಿಲ್ಲ. ತಾಯಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹಾಕಿದಳು.

"ಏನಾದ್ರೂ ಮಾತಾಡೇ ಬಂಗಾರಿ. ಅತ್ತೆ ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡ."

ಕೂದಲಿಗೆ ಸೋಪು ತಿಕ್ಕುವಾಗ ಮತ್ತೆ ಅವನ ಮೇಲೆ ಸಿಟ್ಟು ಉಕ್ಕಿತು. ಗಂಡಸು ನಗುತ್ತ ಹೋದ. ಆ ಆರ್ಡರಿನ ಮಾತನ್ನು ಇಷ್ಟೇ ಇಷ್ಟು ಮಗುವಿನ ತಲೆಯ ಮೇಲಿಟ್ಟು ಹೋದ. ಬೆರಳು ಬಿಗಿಯಾದದ್ದು ತಿಳಿದು ಸಡಿಲಿಸಿದಳು.

"ಕಣ್ಮುಚ್ಚು, ಉರಿಯುತ್ತೆ."

ಪುಟ್ಟಿ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ನೊರೆ ಕಿವಿಯ ಹಿಂದಿನಿಂದ ಇಳಿದು ಹೆಗಲಿಗೆ ಬಂತು. ತಾಯಿ ಚೊಂಬು ಎತ್ತಿದಳು.

"ಅಮ್ಮಾ, ನಾನೂ ನಾಳೆ ಮಾಡು ಅಂದಿದ್ರೆ, ಅಪ್ಪ ಆಸ್ಪತ್ರೆಗೆ ಹೋಗ್ತಿದ್ನಾ?"